ಅಪ್‌ಡೇಟ್: ವಿಂಡೋಸ್, ಲಿನಕ್ಸ್ ಎರಡರಲ್ಲೂ ಈಗ ಟೈಮ್ ಸರಿಯಿದೆ

ಒಂದೇ ಲ್ಯಾಪ್‌ಟಾಪ್‌ನಲ್ಲಿ ಈ ಎರಡೂ ಆಪರೇಟಿಂಗ್ ಸಿಸ್ಟಮ್‌ಗಳಿವೆ, ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗಲೆಲ್ಲ ಟೈಮ್ ತಪ್ಪುತ್ತದೆ ಎಂದು ಕೇಳಿದ್ದೆ. ಸರಿಹೋಯಿತು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನಾನು ಸುಮ್ನೆ ಮದರ್‌ಬೋರ್ಡ್ ಬ್ಯಾಟರಿ (ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಒಳಗಿನ ಗಡಿಯಾರ ನಡೆಸುವಂಥದ್ದು) ಬದಲಿಸಿದ್ದೆ. ಬ್ಯಾಟರಿ ಹೋಗಿದ್ದರೆ ಟೈಮ್ ಅಡ್ಡಾದಿಡ್ಡಿ ಆಗಬೇಕಿತ್ತು, ಅಲ್ವಾ? ನನ್ನದು ಪ್ರತಿ ಸಲವೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ನಮ್ಮ ಟೈಮ್ ಝೋನ್‌ಗೂ ಇರುವ ವ್ಯತ್ಯಾಸದಷ್ಟೇ ತಪ್ಪುತ್ತಿತ್ತು. ಈ ಸುಳಿವು ಕೊಟ್ಟವರು ನನ್ನ ಕಣ್ಣು ತೆರೆಸಿದರು. ಮದರ್‌ಬೋರ್ಡ್ ಗಡಿಯಾರಕ್ಕೆ ಟೈಮ್ ಝೋನ್ ಗೊತ್ತೇ ಇಲ್ಲ. ಅದರಲ್ಲಿರುವುದನ್ನು ಲಿನಕ್ಸ್ ಯುಟಿಸಿ ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು. ಎರಡರದ್ದೂ ತಪ್ಪಲ್ಲ, ರೂಢಿ ಬೇರೆ ಅಷ್ಟೇ.

ವಿಂಡೋಸ್ ರಿಜಿಸ್ಟ್ರಿಯಲ್ಲಿ (ಅದರ ಸೆಟ್ಟಿಂಗ್‌ಗಳ ಸಂಗ್ರಹ) ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಸೇರಿಸಿ, ಮೌಲ್ಯ 1 ಕೊಟ್ಟು ರೀಸ್ಟಾರ್ಟ್ ಮಾಡಿದೆ. ಈಗ ವಿಂಡೋಸ್ ಕೂಡ ಆ ಗಡಿಯಾರವನ್ನು ಯುಟಿಸಿ ಎಂದೇ ಓದುತ್ತದೆ. ಲಿನಕ್ಸನ್ನೇ ಸ್ಥಳೀಯ ಸಮಯಕ್ಕೆ ತಿರುಗಿಸಬಹುದಿತ್ತು. ಆದರೆ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ ಅದರಿಂದ ತಲೆನೋವೇ ಜಾಸ್ತಿ.