ಮದ್ಯಸಾರ ತೆಗೆದ ಬಿಯರ್, ಮದ್ಯಸಾರ ಹುಟ್ಟದ ಬಿಯರ್: ಎರಡಕ್ಕೂ ಒಂದೇ ಪದ ಸಾಕೇ?

ಆಲ್ಕೋಹಾಲ್ ಇಲ್ಲದ ಕ್ರಾಫ್ಟ್ ಬಿಯರ್ ತಯಾರಾಗುವ ಬಗೆಯನ್ನು ಕುರಿತು, ಕಾಸರಗೋಡು ಮಂಜೇಶ್ವರ ಕಡೆಯ ಕನ್ನಡ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಬರೆಯುತ್ತಾ ಹೋದಂತೆ ಒಂದೊಂದು ಹಂತದಲ್ಲಿಯೂ ಒಂದೊಂದು ಪದ ಕಾಲಿಗೆ ತೊಡರುತ್ತಿದೆ. ಮೊದಲ ಪ್ರಶ್ನೆ ಹೆಸರಿನದೇ: ಈ ಪಾನೀಯವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

‘ಮದ್ಯರಹಿತ ಬಿಯರ್’ ಎಂಬುದು ಸುಲಭವಾಗಿ ಬಾಯಿಗೆ ಬರುವ ಪದ. ಆದರೆ ನಮ್ಮ ಬಳಕೆಯಲ್ಲಿ ಮದ್ಯವೆಂದರೆ ಕುಡಿಯುವ ಪಾನೀಯ. ಬಿಯರು, ಕಳ್ಳು, ಬ್ರಾಂದಿ ಎಲ್ಲವೂ ಮದ್ಯವೇ. ಅವುಗಳಲ್ಲಿದ್ದುಕೊಂಡು ಅಮಲೇರಿಸುವ ಎಥನಾಲಿಗೆ ಪಠ್ಯಪುಸ್ತಕದ ಹೆಸರು ಮದ್ಯಸಾರ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ‘ಮದ್ಯರಹಿತ ಬಿಯರ್’ ಎನ್ನುವುದು ಮದ್ಯವಿಲ್ಲದ ಮದ್ಯ ಎಂದಂತಾಗುತ್ತದೆ. ‘ಮದ್ಯಮುಕ್ತ’ಕ್ಕೆ ಈಗಾಗಲೇ ಬೇರೆ ಕೆಲಸವಿದೆ, ಮದ್ಯಮುಕ್ತ ಗ್ರಾಮ, ಮದ್ಯಮುಕ್ತ ಸಮಾಜ ಎಂಬ ಬ್ಯಾನರುಗಳನ್ನು ನೋಡಿ ನೋಡಿ, ಆ ಪದ ಕಿವಿಗೆ ಬಿದ್ದೊಡನೆ ಪ್ರತಿಜ್ಞೆ ಬೋಧಿಸುವ ಸಭೆಯೇ ಕಣ್ಣಿಗೆ ಕಟ್ಟುತ್ತದೆ. ‘ಮದ್ಯಸಾರರಹಿತ ಬಿಯರ್’ ಅರ್ಥದಲ್ಲಿ ಸರಿಯಿದೆ, ನಾಲಿಗೆಗೆ ತುಸು ಭಾರ, ಅಷ್ಟೆ. ಅದನ್ನೇ ಒಪ್ಪಿಕೊಂಡು ಮುಂದೆ ಸಾಗಬಹುದಿತ್ತು. ಆದರೆ ತಯಾರಿಕೆಯ ವಿವರಕ್ಕೆ ಇಳಿದಾಗ, ‘ರಹಿತ’ ಎಂಬ ಪದವು ತೀರಾ ಬೇರೆಬೇರೆಯಾದ ಎರಡು ಕ್ರಮಗಳ ಮೇಲೆ ಒಂದೇ ಮುಸುಕನ್ನು ಹೊದಿಸುತ್ತದೆ ಎಂದು ಕಂಡಿತು.

ಒಂದು ಕ್ರಮದಲ್ಲಿ ಎಂದಿನಂತೆ ಪೂರ್ತಿ ಬಿಯರನ್ನು ತಯಾರಿಸಿ, ಅನಂತರ ಅದರಿಂದ ಮದ್ಯಸಾರವನ್ನು ತೆಗೆಯುತ್ತಾರೆ. ಇನ್ನೊಂದರಲ್ಲಿ ಮದ್ಯಸಾರ ಹೆಚ್ಚು ಹುಟ್ಟದಂತೆಯೇ ಬಿಯರನ್ನು ತಯಾರಿಸುತ್ತಾರೆ. ತೆಗೆಯಬೇಕಾದರೆ ನಿರ್ವಾತದಲ್ಲಿ ಕಾಯಿಸುವ ಸ್ಥಾವರವೋ, ಒತ್ತಡ ಹಾಕಿ ಪೊರೆಯ ಮೂಲಕ ಸೋಸುವ ಯಂತ್ರವೋ ಬೇಕು, ಎರಡೂ ದುಬಾರಿ. ಕ್ರಾಫ್ಟ್ ಬಿಯರ್ ಎಂದರೆ ಸಣ್ಣ, ಸ್ವತಂತ್ರ ಬ್ರೂವರಿಗಳ ಬಿಯರ್. ಅದನ್ನು ‘ಕರಕುಶಲ ಬಿಯರ್’ ಎಂದರೆ ಬಿದಿರಿನ ಬುಟ್ಟಿಯ ಪಕ್ಕದಲ್ಲಿಟ್ಟು ಮಾರುವ ವಸ್ತುವಿನಂತೆ ಕೇಳಿಸುವುದರಿಂದ ‘ಕ್ರಾಫ್ಟ್’ ಎಂದೇ ಉಳಿಸಿದ್ದೇನೆ. ಇಂಥ ಯಂತ್ರಗಳಿಗೆ ಬಂಡವಾಳ ಹೂಡಲಾಗದ ಸಣ್ಣ ಬ್ರೂವರಿಗಳು ಸಾಮಾನ್ಯವಾಗಿ ಎರಡನೆಯ ದಾರಿ ಹಿಡಿಯುತ್ತವೆ. ಅಂಥ ಬಿಯರನ್ನು ‘ಮದ್ಯಸಾರ ತೆಗೆದ ಬಿಯರ್’ ಎಂದು ಬರೆದರೆ ಅದು ಸುಳ್ಳೇ ಆಗುತ್ತದೆ. ಅಲ್ಲಿ ಯಾರೂ ಏನನ್ನೂ ತೆಗೆದಿರುವುದಿಲ್ಲ.

ಹುಟ್ಟದಂತೆ ಮಾಡುವ ಈ ಉಪಾಯ ಸ್ವಾರಸ್ಯವಾಗಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಒಡೆದು ಬಿಸಿನೀರಿಗೆ ಹಾಕಿದಾಗ, ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ನೀರು 62ರಿಂದ 65 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ಬೀಟಾ ಅಮೈಲೇಸ್ ಎಂಬ ಕಿಣ್ವ ಚುರುಕಾಗಿದ್ದು, ಸಕ್ಕರೆಯನ್ನು ಮದ್ಯಸಾರವಾಗಿಸುವ ಯೀಸ್ಟಿಗೆ ಪ್ರಿಯವಾದ ಮಾಲ್ಟೋಸ್ ಎಂಬ ಸಕ್ಕರೆಯನ್ನು ಧಾರಾಳವಾಗಿ ಒದಗಿಸುತ್ತದೆ. ನೀರನ್ನು 75 ಡಿಗ್ರಿಗಿಂತ ಮೇಲಿಟ್ಟರೆ ಆ ಕಿಣ್ವ ಬೇಗನೆ ಕೆಟ್ಟುಹೋಗಿ, ಬಿಸಿಯನ್ನು ಹೆಚ್ಚು ತಾಳಿಕೊಳ್ಳುವ ಆಲ್ಫಾ ಅಮೈಲೇಸ್ ಮಾತ್ರ ಉಳಿಯುತ್ತದೆ. ಆಗ ಹೆಚ್ಚಾಗಿ ಸಿಗುವುದು ಪಿಷ್ಟ ಅರ್ಧಂಬರ್ಧ ಒಡೆದು ಉಳಿದ ಡೆಕ್ಸ್‌ಟ್ರಿನ್. ಬಿಯರಿನ ಯೀಸ್ಟ್ ಅದನ್ನು ಮುಟ್ಟುವುದಿಲ್ಲ. ಪಾನೀಯಕ್ಕೆ ಮೈ ಬರುತ್ತದೆ, ಅಮಲಿಗೆ ಬೇಕಾದ ಸಕ್ಕರೆ ಮಾತ್ರ ಅಷ್ಟಾಗಿ ಇರುವುದಿಲ್ಲ. ಇದರ ಜೊತೆಗೆ ಸ್ಯಾಕರೋಮೈಕೋಡಿಸ್ ಲುಡ್ವಿಗೀ ಎಂಬ ಯೀಸ್ಟನ್ನು ಬಳಸುವವರಿದ್ದಾರೆ. ಅದು ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸುಗಳನ್ನು ತಿಂದು, ಮಾಲ್ಟೋಸನ್ನು ಎಲೆಯ ಬದಿಗೆ ಸರಿಸಿಬಿಡುವ ಜಾತಿ. ಯೀಸ್ಟನ್ನು ಸೊನ್ನೆ ಡಿಗ್ರಿಯ ಹತ್ತಿರದ ತಂಪಿನಲ್ಲಿ ಇರಿಸಿ ಅದರ ಕೆಲಸವನ್ನು ನಿಧಾನಿಸುವ ಕ್ರಮವೂ ಉಂಟು.

ಹೀಗೆ ತಯಾರಿಸಿದ ಬಿಯರಿನಲ್ಲಿ ಒಂದು ದೋಷ ಉಳಿಯುತ್ತದೆ. ಯೀಸ್ಟ್ ಪೂರ್ತಿ ಕೆಲಸ ಮಾಡಿದ್ದರೆ ಅಡಗಿಹೋಗುತ್ತಿದ್ದ ಆಲ್ಡಿಹೈಡ್ ಎಂಬ ಕೆಲವು ವಾಸನೆಯ ಸಂಯುಕ್ತಗಳು ಹಾಗೆಯೇ ಉಳಿದು, ಕುದಿಸಿದ ಮಾಲ್ಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಇದಕ್ಕೆ ‘ಹಸಿವಾಸನೆ’ ಎಂದು ಬರೆದಿದ್ದೇನೆ. ಕುದಿದದ್ದಕ್ಕೆ ಹಸಿವಾಸನೆ ಎಂದರೆ ಹೇಗೆ ಎಂದು ಯಾರಾದರೂ ಕೇಳಬಹುದು; ಆದರೆ ಹದಕ್ಕೆ ಬಾರದ ಸಾಂಬಾರಿನ ಬಗ್ಗೆಯೂ ನಾವು ಹಾಗೆಯೇ ಹೇಳುವುದರಿಂದ ಆ ಪದವೇ ಸರಿ ಎಂಬುದು ನನ್ನ ನಿಲುವು. ಈ ವಾಸನೆಯನ್ನು ಮುಚ್ಚಲೆಂದೇ ಸಣ್ಣ ಬ್ರೂವರಿಯವರು ಕೊನೆಯ ಹಂತದಲ್ಲಿ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕುತ್ತಾರೆ. ಮದ್ಯಸಾರದ ರಕ್ಷಣೆ ಇಲ್ಲದಿರುವುದರಿಂದ ಹುಳಿಯ ಅಂಶವನ್ನು ಸರಿಹೊಂದಿಸಿ, ಪಾಶ್ಚರೀಕರಿಸಿಯೇ ಬಾಟಲಿಗೆ ತುಂಬಬೇಕಾಗುತ್ತದೆ.

ಇನ್ನು ಕ್ರಿಯಾಪದದ ತೊಡಕು. ‘ಬಿಯರ್ ಭಟ್ಟಿ ಇಳಿಸುವುದು’ ಎಂದು ಅಲ್ಲಲ್ಲಿ ಅಚ್ಚಾಗುವುದುಂಟು. ಭಟ್ಟಿ ಇಳಿಸುವುದೆಂದರೆ ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವುದು. ಸಾರಾಯಿಗೆ ಅದು ಸಲ್ಲುತ್ತದೆ, ಬಿಯರಿಗೆ ಸಲ್ಲುವುದಿಲ್ಲ. ವಿನೋದವೆಂದರೆ, ಬಿಯರಿನ ಲೋಕದಲ್ಲಿ ಆ ಪದ ಅಕ್ಷರಶಃ ಒಪ್ಪುವುದು ಮದ್ಯಸಾರ ತೆಗೆದ ಬಿಯರಿಗೇ. ಸಾಮಾನ್ಯ ವಾಯುಭಾರದಲ್ಲಿ ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ. ನಿರ್ವಾತದಲ್ಲಾದರೆ 35ರಿಂದ 45 ಡಿಗ್ರಿಯ ಬಿಸಿಯಲ್ಲಿಯೇ ಅದನ್ನು ಎಬ್ಬಿಸಿ ಓಡಿಸಬಹುದು, ಬಿಯರು ಬೆಂದು ರುಚಿಗೆಡುವುದಿಲ್ಲ. ಅಲ್ಲಿ ನಿಜವಾಗಿಯೂ ಭಟ್ಟಿ ಇಳಿಯುತ್ತದೆ. ಆದರೆ ಸಾರಾಯಿಯವನಿಗೆ ಬೇಕಾದದ್ದು ಇವರಿಗೆ ಬೇಡ, ಅವನು ಚೆಲ್ಲುವ ಉಳಿಕೆಯೇ ಇವರಿಗೆ ಬೇಕು. ಆದ್ದರಿಂದ ಭಟ್ಟಿಯ ಪದವನ್ನು ಈ ಹಂತಕ್ಕೆ ಮಾತ್ರ ಮೀಸಲಿಟ್ಟು, ಉಳಿದೆಡೆ ‘ತಯಾರಿಸು’ ಎಂದೇ ಬರೆದಿದ್ದೇನೆ.

ಹೆಸರಿನ ಪ್ರಶ್ನೆಗೆ ನಮ್ಮ ಊರಿನ ತೆಂಗಿನ ಮರದಿಂದ ಸಹಾಯ ಸಿಕ್ಕೀತೇ ಎಂಬ ಆಸೆ ನನ್ನದು. ಹೊಂಬಾಳೆಯಿಂದ ತೊಟ್ಟಿಕ್ಕುವ ರಸ ಗಡಿಗೆಗೆ ಬಿದ್ದ ಗಳಿಗೆಯಿಂದಲೇ ಗಾಳಿಯ ಯೀಸ್ಟ್ ಸೇರಿ, ಕೆಲವೇ ಗಂಟೆಗಳಲ್ಲಿ ಕಳ್ಳಾಗುತ್ತದೆ. ಗಡಿಗೆಗೆ ಸುಣ್ಣ ಬಳಿದರೆ ಆ ಬದಲಾವಣೆ ತಡೆಯುತ್ತದೆ, ಅದು ನೀರಾ. ಕಾಸರಗೋಡಿನ ಕೂಡ್ಲುವಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು, ಸುಣ್ಣವೂ ಬೇಡವೆಂದು ಮಂಜುಗಡ್ಡೆಯ ಪೆಟ್ಟಿಗೆಯನ್ನೇ ಹೊಂಬಾಳೆಗೆ ಕಟ್ಟಿ ರಸವನ್ನು ತಂಪಿನಲ್ಲಿ ಹಿಡಿಯುವ ಕ್ರಮವನ್ನು ರೂಪಿಸಿ, ಅದಕ್ಕೆ ‘ಕಲ್ಪರಸ’ ಎಂಬ ಹೆಸರು ಕೊಟ್ಟಿದೆ. ಗಮನಿಸಬೇಕಾದದ್ದು ಇಷ್ಟು: ನೀರಾವನ್ನಾಗಲಿ ಕಲ್ಪರಸವನ್ನಾಗಲಿ ಯಾರೂ ‘ಮದ್ಯಸಾರರಹಿತ ಕಳ್ಳು’ ಎನ್ನುವುದಿಲ್ಲ. ಮಲಯಾಳದಲ್ಲಿ ಮಾತ್ರ ಹುದುಗದ ರಸಕ್ಕೂ ‘ಮಧುರಕ್ಕಳ್ಳ್’ ಎಂದು ಕಳ್ಳಿನ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಕನ್ನಡ, ತುಳುಗಳಲ್ಲಿ ಕಳ್ಳು ಇಳಿಸುವ ಮೂರ್ತೆಯವರ ನಡುವೆ ಇಂಥದೊಂದು ಪದ ಉಂಟೇ? ಇದ್ದರೆ ಬಿಯರಿಗೂ ಅದೇ ಜಾಡಿನಲ್ಲಿ ಹೆಸರು ಕಟ್ಟಬಹುದು.

ಹುದುಗುವಿಕೆಯ ವಿಷಯಕ್ಕೆ ಬಂದರೆ ನನಗೆ ಅತ್ಯಂತ ಕಿರಿಕಿರಿ ಮಾಡಿರುವುದು ‘ಕಿಣ್ವನ’. ವಿಜ್ಞಾನದ ಕನ್ನಡದಲ್ಲಿ ಕಿಣ್ವವೆಂದರೆ ಎನ್‌ಜೈಮ್. ಕಿಣ್ವನವೆಂದರೆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುವ ಕ್ರಿಯೆ. ಬಿಯರಿನಲ್ಲಿ ಈ ಎರಡೂ ಬೇರೆಬೇರೆ ಹಂತಗಳಲ್ಲಿ ಬರುತ್ತವೆ. ಬಿಸಿನೀರಿನ ಹಂತದಲ್ಲಿ ಮಾಲ್ಟಿನ ಕಿಣ್ವಗಳು ದುಡಿಯುತ್ತವೆ, ಅದು ಕಿಣ್ವನವಲ್ಲ. ತಣಿಸಿದ ಮೇಲೆ ಯೀಸ್ಟ್ ಹಾಕುತ್ತಾರೆ, ಅದು ಕಿಣ್ವನ. ಹೊಸ ಓದುಗನಿಗೆ ಇದನ್ನು ಹೇಗೆ ಒಪ್ಪಿಸುವುದು? ಮೂಲದಲ್ಲಿ ತಪ್ಪು ಯಾರದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವವೆಂದರೆ ಸುರೆಗೆ ಹಾಕುವ ಹುದುಗು. ಅದನ್ನು ಉದ್ದು, ಅಕ್ಕಿ ಸೇರಿಸಿ ತಯಾರಿಸುವ ವಿವರವೂ ಅಲ್ಲಿದೆ. ಎನ್‌ಜೈಮ್ ಎಂಬ ಪದವನ್ನೂ ಜರ್ಮನಿಯ ಶರೀರವಿಜ್ಞಾನಿ ವಿಲ್ಹೆಲ್ಮ್ ಕ್ಯೂನೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಕಿನ ‘ಹುದುಗಿನೊಳಗೆ’ ಎಂಬರ್ಥದ ಪದಗಳಿಂದಲೇ ಕಟ್ಟಿದ. ಎರಡರ ಮೂಲಾರ್ಥವೂ ಹುದುಗಿಗೆ ಸಂಬಂಧಿಸಿದ್ದೇ. ಆದರೂ ಇಲ್ಲಿ ‘ಕಿಣ್ವನ’ವನ್ನು ಕೈಬಿಟ್ಟು ‘ಹುದುಗುವಿಕೆ’ ಎಂದರೆ ಗೊಂದಲ ತೀರುತ್ತದೆ. ‘ಹುಳಿ ಬರುವುದು’ ಎಂಬ ಮನೆಮಾತು ದೋಸೆಹಿಟ್ಟಿಗೆ ಸರಿ. ಬಿಯರಿಗೆ ಹುಳಿ ಬಂತೆಂದರೆ ಬಹುಮಟ್ಟಿಗೆ ಅದು ಕೆಟ್ಟಿದೆ ಎಂದೇ ಅರ್ಥ.

ಹುದುಗುವುದಕ್ಕೆ ಮುಂಚಿನ ಸಿಹಿ ದ್ರವಕ್ಕೆ ‘ಮಾಲ್ಟ್ ತಿಳಿ’ ಎಂದು ಹೆಸರಿಟ್ಟಿದ್ದೇನೆ. ಅನ್ನ ಬಾಗಿಸಿದ ಗಂಜಿನೀರನ್ನು ‘ತೆಳಿ’ ಎಂದು ಕರೆಯುವುದು ಗೊತ್ತಿರುವವರಿಗೆ ವಿವರಣೆ ಬೇಡ. ‘ಮಾಲ್ಟ್ ಪಾನೀಯ’ ಎಂಬ ಹೆಸರನ್ನು ಮಾತ್ರ ಒಲ್ಲೆ. ಘಟ್ಟದ ಮೇಲಿನವರಿಗೆ ಅದು ರಾಗಿ ಮಾಲ್ಟನ್ನು ನೆನಪಿಸುತ್ತದೆ. ಕೊಲ್ಲಿಯಲ್ಲಿ ದುಡಿದು ಬಂದ ನಮ್ಮವರಿಗೆ ಅಲ್ಲಿ ಮಾರುವ ಬಾರ್ಬಿಕಾನ್ ಎಂಬ ಸಿಹಿ ಮಾಲ್ಟ್ ಪಾನೀಯ ನೆನಪಾಗುತ್ತದೆ.

‘ರಹಿತ’ದ ಮೇಲೆ ಇನ್ನೊಂದು ಆಕ್ಷೇಪವಿದೆ. ಜರ್ಮನಿಯಲ್ಲಿ ಗಾತ್ರದಲ್ಲಿ ಶೇ. 0.5ರವರೆಗೆ ಮದ್ಯಸಾರವಿರುವ ಬಿಯರನ್ನೂ ಆಲ್ಕೋಹಾಲ್ ಇಲ್ಲದ್ದೆಂದೇ ಮಾರಬಹುದು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿದ್ದಾಗ ಗೆರೆ ಎಳೆದದ್ದೂ 0.5ಕ್ಕೇ, ಅದಕ್ಕಿಂತ ಕಡಿಮೆಯದನ್ನು ಆಗಿನ ಜನ ‘ನಿಯರ್ ಬಿಯರ್’ ಎಂದರು. ಬ್ರಿಟನ್ನಿನ ಮಾರ್ಗಸೂಚಿ ಇನ್ನೂ ಸೂಕ್ಷ್ಮ: 0.05ರ ಒಳಗಿದ್ದರೆ ಆಲ್ಕೋಹಾಲ್ ಇಲ್ಲದ್ದು, 0.5ರ ಒಳಗಿದ್ದು ತೆಗೆದದ್ದಾದರೆ ಆಲ್ಕೋಹಾಲ್ ತೆಗೆದದ್ದು. ಹಣ್ಣಿನ ರಸದಲ್ಲಿ, ಬ್ರೆಡ್ಡಿನಲ್ಲಿ ಕೂಡ ಲವಲೇಶ ಮದ್ಯಸಾರ ಇರುವುದರಿಂದ 0.5 ಎನ್ನುವುದು ಅಮಲಿನ ಮಾತಲ್ಲ. ಆದರೂ ಧರ್ಮದ ಕಾರಣದಿಂದಲೋ ವೈದ್ಯರ ಮಾತಿನಿಂದಲೋ ಪೂರ್ತಿ ದೂರವಿರುವ ಓದುಗರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರಿಗೆ 0.0 ಮತ್ತು 0.5 ಒಂದೇ ಅಲ್ಲ. ಹೆಸರು ಏನೇ ಇರಲಿ, ಅದರ ಪಕ್ಕದಲ್ಲಿ ಅಂಕಿಯನ್ನು ಬರೆಯಲೇಬೇಕು.

ಸದ್ಯಕ್ಕೆ ಒಟ್ಟು ಹೆಸರಾಗಿ ‘ಅಮಲಿಲ್ಲದ ಬಿಯರ್’, ಬಗೆ ಹೇಳಬೇಕಾದಲ್ಲಿ ‘ಮದ್ಯಸಾರ ತೆಗೆದ ಬಿಯರ್’ ಮತ್ತು ‘ಮದ್ಯಸಾರ ಹುಟ್ಟದ ಬಿಯರ್’ ಎಂದು ಬಳಸಿದ್ದೇನೆ. ಮೂರನೆಯದು ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ, ಏಕೆಂದರೆ ಅಲ್ಲಿ ಅತ್ಯಲ್ಪವಾದರೂ ಹುಟ್ಟಿರುತ್ತದೆ. ‘ಅರೆಹುದುಗಿನ ಬಿಯರ್’ ಎಂದರೆ ಹೇಗೆ? ‘ಅರೆ’ ಎಂಬುದು ಅರೆಬೆಂದ ಎಂಬಲ್ಲಿಯಂತೆ ಕೊರತೆಯನ್ನೇ ಸೂಚಿಸೀತೆಂಬ ಅಳುಕು ಇದೆ. ಮೂರ್ತೆಯ ಕೆಲಸ ಬಲ್ಲವರು, ಕರಾವಳಿಯ ಹಳೆಯ ದಾಖಲೆಗಳನ್ನು ಓದಿದವರು, ಹುದುಗದ ರಸಕ್ಕೂ ಅರೆ ಹುದುಗಿದ ರಸಕ್ಕೂ ಇರುವ ಊರಮಾತುಗಳನ್ನು, ಯಾವ ಕಡೆಯ ಬಳಕೆ ಎಂಬ ವಿವರದೊಂದಿಗೆ, ತಿಳಿಸಬೇಕಾಗಿ ವಿನಂತಿ.