'ಬಿ.ಪಿ. ಇಲ್ಲ' ಎನ್ನುವವರನ್ನು ಶಿಬಿರಕ್ಕೆ ಕರೆಯಲು ತಕ್ಕ ಮಾತು ಯಾವುದು?

ಬಲ್ಲವರಲ್ಲಿ ಒಂದು ವಿಚಾರಣೆ. ಮೇ 17ರ ವಿಶ್ವ ಅಧಿಕ ರಕ್ತದೊತ್ತಡ ದಿನದಂದು ಉಡುಪಿಯ ನಮ್ಮ ಬಡಾವಣೆಯಲ್ಲಿ 30 ವರ್ಷ ದಾಟಿದವರೆಲ್ಲರ ರಕ್ತದೊತ್ತಡ ನೋಡುವ ಏರ್ಪಾಡು ನಡೆಯುತ್ತಿದ್ದು, ಅದರ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನಲ್ಲಿ ರೂಢಿಯಂತೆ 'ಉಚಿತ ರಕ್ತದೊತ್ತಡ ತಪಾಸಣಾ ಶಿಬಿರ' ಎಂದು ಬರೆದಿದ್ದೇನೆ. ಯಾರು ಮುಖ್ಯವಾಗಿ ಬರಬೇಕೋ ಅವರನ್ನೇ ಈ ಒಕ್ಕಣೆ ಹೊರಗೆ ನಿಲ್ಲಿಸುತ್ತದೆ ಎಂಬ ಶಂಕೆ ನನ್ನದು.

ನಮ್ಮ ಕರಾವಳಿಯ ಆಡುಮಾತಿನಲ್ಲಿ 'ಬಿ.ಪಿ.' ಎಂಬುದು ಅಳತೆಯ ಹೆಸರಲ್ಲ, ಕಾಯಿಲೆಯ ಹೆಸರು. 'ಅವರಿಗೆ ಬಿ.ಪಿ. ಉಂಟು' ಎಂದರೆ ಒತ್ತಡ ಹೆಚ್ಚಿದೆ, ಮಾತ್ರೆ ನಡೆಯುತ್ತಿದೆ ಎಂದೇ ಅರ್ಥ, ತುಳುವಿನಲ್ಲಿ 'ಬಿ.ಪಿ. ಉಂಡು' ಎನ್ನುವಾಗಲೂ ಅದೇ. ರಕ್ತ ಹರಿಯುವ ಪ್ರತಿಯೊಂದು ದೇಹದಲ್ಲಿಯೂ ಒತ್ತಡ ಇದ್ದೇ ಇರುತ್ತದೆಂಬ ಸಂಗತಿ ಈ ಬಳಕೆಯಲ್ಲಿ ಮರೆಯಾಗಿದೆ. ಹಿಂದೆ ಇಂಥದ್ದೇ ಒಂದು ಶಿಬಿರದಲ್ಲಿ, ಮೀನಿನ ಬುಟ್ಟಿಯನ್ನು ಜಗಲಿಯ ಮೂಲೆಯಲ್ಲಿಟ್ಟು ಬಂದು ಕುಳಿತಿದ್ದ ನಡುವಯಸ್ಸಿನ ಹೆಂಗಸೊಬ್ಬರು, ದಾದಿ ತೋಳಿಗೆ ಪಟ್ಟಿ ಸುತ್ತಲು ಹೊರಟಾಗ, 'ನನಗೆ ಬಿ.ಪಿ. ಇಲ್ಲ ಮಾರಾಯ್ರೆ, ಮತ್ತೆ ಎಂತಕ್ಕೆ ನೋಡುವುದು?' ಎಂದು ಕೈಯನ್ನು ಹಿಂದಕ್ಕೆಳೆದುಕೊಂಡರು. ಅವರ ಬಳಕೆಯ ಮಟ್ಟಿಗೆ ಆ ಮಾತು ಸರಿಯೇ. ಆದರೆ ಏರಿದ ಒತ್ತಡ ಬಹುಪಾಲು ಜನರಲ್ಲಿ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಇದ್ದು, ಹೃದಯ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸಬಲ್ಲುದಾದ್ದರಿಂದ, ಅಳೆದು ನೋಡದೆ 'ಇಲ್ಲ' ಎನ್ನುವಂತಿಲ್ಲ. 'ರಕ್ತದೊತ್ತಡದಿಂದ ಬಳಲುತ್ತಿರುವವರು' ಎಂಬ ಪತ್ರಿಕೆಗಳ ಒಕ್ಕಣೆಯೂ ನನಗೆ ಸರಿಕಾಣುವುದಿಲ್ಲ. ಬಳಲಿಕೆಯೇ ಇಲ್ಲದವನು ಅದನ್ನು ತನಗೆ ಹೇಳಿದ್ದೆಂದು ಹೇಗೆ ತಿಳಿದಾನು?

ಇನ್ನು 'ತಪಾಸಣೆ'. ಕಾಯಿಲೆಯ ಅನುಮಾನ ಬಂದ ಮೇಲೆ ಮಾಡಿಸುವುದಕ್ಕೂ, ಆರೋಗ್ಯವಾಗಿದ್ದೇವೆಂದುಕೊಂಡವರನ್ನು ಸಾಲಾಗಿ ಕೂರಿಸಿ ನೋಡುವುದಕ್ಕೂ ನಾವು ಇದೊಂದೇ ಪದವನ್ನು ಬಳಸುತ್ತೇವೆ. ಮೇಲಾಗಿ 'ರಕ್ತ' ಮತ್ತು 'ತಪಾಸಣೆ' ಒಂದೇ ಸಾಲಿನಲ್ಲಿ ಬಂದರೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆ, ಬೆಳಗ್ಗೆ ಏನೂ ತಿನ್ನದೆ ಹೋಗಬೇಕು ಎಂದು ತಿಳಿಯುವವರಿದ್ದಾರೆ. 'ರಕ್ತದೊತ್ತಡ ಅಳತೆ' ಎಂದರೆ ಈ ಎರಡು ತೊಡಕುಗಳೂ ನೀಗುತ್ತವೆಂದು ನನ್ನ ಎಣಿಕೆ. ಎತ್ತರ, ತೂಕ ಅಳೆಸಿಕೊಳ್ಳಲು ಕಾಯಿಲೆ ಇರಬೇಕೆಂದು ಯಾರೂ ಭಾವಿಸುವುದಿಲ್ಲ. 'ಅಳತೆ ಶಿಬಿರ' ಎಂಬುದು ಮಾತ್ರ ಕಿವಿಗೆ ಅಷ್ಟು ಹಿತವಾಗಿಲ್ಲ.

ಕಾಯಿಲೆಯ ಹೆಸರಿನಲ್ಲಿಯೂ ಗೊಂದಲವಿದೆ. 'ಹೈಪರ್‌ಟೆನ್ಷನ್' ಎಂದು ಕೇಳಿದವರು 'ನನಗೇನೂ ಟೆನ್ಷನ್ ಇಲ್ಲ' ಎನ್ನುತ್ತಾರೆ. ಕೆಲಸದ ಒತ್ತಡ, ಮಾನಸಿಕ ಒತ್ತಡ ಎಂದು ದಿನವೂ ಓದುವ ಕಾಲದಲ್ಲಿ ಬರಿಯ 'ಒತ್ತಡ' ಕೂಡ ಮನಸ್ಸಿನ ಕಡೆಗೇ ಎಳೆಯುತ್ತದೆ. 'ಏರೊತ್ತಡ' ಅಡಕವಾದ, ಚೆಂದದ ಪದ. ಆದರೂ 'ರಕ್ತದ ಏರೊತ್ತಡ' ಎಂದು ಬಿಡಿಸಿ ಬರೆಯದಿದ್ದರೆ ಅರ್ಥ ನಿಲ್ಲುವುದಿಲ್ಲ.

ರಕ್ತದೊತ್ತಡ ಅಳೆದಾಗ ಬರುವ ಎರಡು ಅಂಕಿಗಳನ್ನು ಹೆಸರಿಸುವಾಗ ನಾನು ಸಂಕೋಚನ (ಹೃದಯ ಕುಗ್ಗಿದಾಗಿನದು), ವ್ಯಾಕೋಚನ (ಹಿಗ್ಗಿದಾಗಿನದು) ಎಂಬ ಪಾರಿಭಾಷಿಕ ಪದಗಳನ್ನು ಬಿಟ್ಟು, ಜನರೇ ಆಡುವ 'ಮೇಲಿನದ್ದು', 'ಕೆಳಗಿನದ್ದು' ಎಂಬುವನ್ನು ಇಟ್ಟುಕೊಂಡಿದ್ದೇನೆ. ಮೇಲಿನದ್ದು 140 ಅಥವಾ ಕೆಳಗಿನದ್ದು 90, ಇಲ್ಲವೇ ಅದಕ್ಕಿಂತ ಹೆಚ್ಚು, ಬೇರೆ ಬೇರೆ ದಿನ ನೋಡಿದಾಗಲೂ ಬಂದರೆ ವೈದ್ಯರು ಸಾಮಾನ್ಯವಾಗಿ ಅಧಿಕ ರಕ್ತದೊತ್ತಡವೆಂದು ನಿರ್ಣಯಿಸುತ್ತಾರೆ. ಹಾಗಾಗಿ ಶಿಬಿರದ ಒಂದೇ ಅಳತೆಯನ್ನು 'ಪತ್ತೆ' ಎಂದು ಕರೆಯುವುದು ಅತಿಯಾಯಿತು. ಅದನ್ನು 'ಸೂಚನೆ' ಎನ್ನಬಹುದೇನೋ. ಅಂತೆಯೇ ಮಾತ್ರೆಯಿಂದ ಅಂಕಿ ಇಳಿದಾಗ 'ಗುಣವಾಯಿತು' ಎನ್ನದೆ 'ಹತೋಟಿಯಲ್ಲಿದೆ' ಎಂದೇ ಬರೆಯಬೇಕೆಂದು ನನ್ನ ಒತ್ತಾಯ. ಗುಣವಾಯಿತೆಂದು ತಿಳಿದು ಮಾತ್ರೆ ನಿಲ್ಲಿಸಿ, ಒತ್ತಡ ಮತ್ತೆ ಏರಿಸಿಕೊಂಡವರನ್ನು ನಾವೆಲ್ಲ ಕಂಡಿದ್ದೇವೆ.

ಈಗ ಕೇಳಬೇಕಾದದ್ದು ಎರಡು. ಕಾಯಿಲೆಯ ಲಕ್ಷಣವೇ ಇಲ್ಲದವರನ್ನು ನೋಡುವ ಈ ಕ್ರಮಕ್ಕೆ 'ತಪಾಸಣೆ'ಗಿಂತ ತಕ್ಕದಾದ ಪದ ಬೇರೆ ಸೀಮೆಗಳಲ್ಲಿ ಬಳಕೆಯಲ್ಲಿದೆಯೇ? 'ಬಿ.ಪಿ. ಇಲ್ಲದವರೂ ಬನ್ನಿ' ಎಂದು ಕರಪತ್ರದ ತಲೆಬರಹದಲ್ಲಿಯೇ ಹಾಕಿದರೆ, ಶಾಸ್ತ್ರದ ದೃಷ್ಟಿಯಿಂದ ಅದು ಒಪ್ಪತಕ್ಕದ್ದಲ್ಲವಾದರೂ, ನಮ್ಮ ಊರಿನ ಓದುಗರಿಗೆ ಅದೇ ನೇರವಾಗಿ ಮುಟ್ಟೀತೇ?