ಕ್ರೆಮ್ಲಿನ್ ಅಂದ್ರೆ ಮಾಸ್ಕೋದ್ದು ಒಂದೇ ಅಲ್ವಾ? ಕಜಾನ್‌ನಲ್ಲೂ ಇದೆಯಂತೆ!

ಕೋಥ್ರೂಡ್ ಕಾವೇರಿ:
ಅಕ್ಕನ ಮಗ ರಷ್ಯಾದ ಕಜಾನ್ ಊರಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಬಿಳಿ ಗೋಡೆಯ ಕೋಟೆ, ಒಳಗೆ ನೀಲಿ ಗುಮ್ಮಟದ ಮಸೀದಿ, ಅಂಥದ್ದೊಂದು ಫೋಟೋ ಕಳಿಸಿ "ಚಿಕ್ಕಮ್ಮ, ಇದು ಇಲ್ಲಿನ ಕ್ರೆಮ್ಲಿನ್" ಎಂದ. ಟಿವಿಯಲ್ಲಿ "ಕ್ರೆಮ್ಲಿನ್ ಹೇಳಿದೆ" ಅಂದರೆ ಮಾಸ್ಕೋದ ಸರ್ಕಾರ ಅಂತ ನಾನು ತಿಳಿದಿದ್ದೆ. ಸುಮ್ನೆ ರೇಗಿಸುತ್ತಿದ್ದಾನೋ, ನಿಜವೋ? ಆ ಪದದ ಅರ್ಥ ಏನು, ಎಲ್ಲಿಂದ ಬಂತು?

ಚಿಂಚ್‌ವಡ್ ರಾಯರು:
ನಿಜವೇ ಮೇಡಂ. ಊರಿನ ನಡುವಿನ ಕೋಟೆಗೆ ರಷ್ಯನ್ನರ ಮಾತು ಅದು. ದೊರೆಯ ಅರಮನೆ, ದೊಡ್ಡ ಚರ್ಚು, ಮದ್ದುಗುಂಡು ಎಲ್ಲ ಅದರೊಳಗೆ, ಪೇಟೆ ಹೊರಗೆ. ನಿಜ್ನಿ ನೊವ್ಗೊರೊದ್, ತುಲಾ, ಕೊಲೊಮ್ನಾ, ಅಸ್ತ್ರಖಾನ್, ಎಲ್ಲ ಕಡೆ ಒಂದೊಂದು ಇದೆ. ಮಾಸ್ಕೋದಲ್ಲಿ ಮೊದಲಿದ್ದದ್ದು ಮರದ ಗೋಡೆ. 1367ರಲ್ಲಿ ಬಿಳಿ ಕಲ್ಲಿನದು ಶುರುವಾಯಿತು. ಈಗ ಕಾಣುವ ಕೆಂಪು ಇಟ್ಟಿಗೆಯ ಗೋಡೆಯನ್ನು 1485ರಿಂದ 1495ರವರೆಗೆ ಕಟ್ಟಿದರು, ಮೇಸ್ತ್ರಿಗಳು ಇಟಲಿಯವರು. ಗೋಡೆಯ ತುದಿಯಲ್ಲಿ ಕವಲೊಡೆದ ಬಾಲದಂಥ ಹಲ್ಲುಗಳಿವೆಯಲ್ಲ, ಅದು ಇಟಲಿಯ ಕೋಟೆಗಳ ಚಾಳಿ. ನಿಮ್ಮ ಹುಡುಗನ ಫೋಟೋದ ಮಸೀದಿ ಕುಲ್ ಶರೀಫ್. ನೋಡಲು ಹಳೆಯದಂತಿದ್ದರೂ ತೆರೆದಿದ್ದು 2005ರಲ್ಲಿ.

ವಿಜಾಪುರದಂವ, ಸದ್ಯ ಪುಣೆ:
ಪದದ ಮೂಲಕ್ಕೆ ಬಂದರೆ ಪಂಡಿತರಲ್ಲೇ ಜಗಳ ಐತ್ರಿ. 14ನೇ ಶತಮಾನದ ಬರಹಗಳಲ್ಲಿ "ಕ್ರೆಮ್ನಿಕ್" ಅಂತ ಸಿಗುತ್ತದೆ. ಗ್ರೀಕಿನ "ಕ್ರೆಮ್ನೋಸ್", ಅಂದರೆ ಕಡಿದಾದ ದಿಬ್ಬ, ಅದರಿಂದ ಬಂತು ಅಂತ ಕೆಲವರು. "ಕ್ರೆಮೆನ್", ಅಂದರೆ ಚಕಮಕಿ ಕಲ್ಲು, ಅಂತ ಇನ್ನು ಕೆಲವರು. ಆದರೆ ಮೊದಲಿನ ಗೋಡೆಗಳು ಮರದವು ಅಂತ ರಾಯರೇ ಹೇಳಿದರಲ್ಲ, ಕಲ್ಲಿನ ಹೆಸರು ಹೇಗೆ ಬರುತ್ತದೆ? ದಟ್ಟ ಕಾಡಿನ ನಡುವೆ ಬೆಳೆದ ಗಟ್ಟಿ ಮರಕ್ಕೆ ರಷ್ಯನ್ ಆಡುಮಾತಿನಲ್ಲಿ "ಕ್ರೆಮ್" ಕುಲದ ಮಾತುಗಳಿವೆ, ನನಗೆ ಅದೇ ಹೆಚ್ಚು ಒಪ್ಪುತ್ತದೆ. ಗ್ರೀಕ್ ಅಂದುಬಿಟ್ಟರೆ ಘನತೆ ಜಾಸ್ತಿ ಅಂತ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ, ಅಷ್ಟೇ. ಎಲ್ಲ ಊರಲ್ಲೂ ಇದೇ ಹೆಸರಿರಲಿಲ್ಲ ಬಿಡ್ರಿ. ನೊವ್ಗೊರೊದ್‌ನಲ್ಲಿ "ದೆತಿನೆತ್ಸ್", ಪ್ಸ್ಕೋವ್‌ನಲ್ಲಿ "ಕ್ರೋಮ್".

ನಮ್ಮ ವಿಜಾಪುರದ ಅರಕಿಲ್ಲಾನೂ ಇಂಥದ್ದೇ. ಊರ ಸುತ್ತ ದೊಡ್ಡ ಕೋಟೆ, ನಡುವೆ ಸುಲ್ತಾನರ ಅರಮನೆಗಳಿಗೆ ಬೇರೆ ಗೋಡೆ. ಗಗನ್ ಮಹಲ್ ಇರುವುದು ಅದರೊಳಗೇ.

ಡೊಂಬಿವಲಿ ಭಟ್ಟ:
ಇಲ್ಲಿನ ಮರಾಠಿ ಪೇಪರ್ ಓದುವವರಿಗೆ ಇದು ಸುಲಭ. "ಬಾಲೇಕಿಲ್ಲಾ" ಅಂದರೆ ಕೋಟೆಯೊಳಗಿನ ಎತ್ತರದ ಕೋಟೆ, ರಾಜಗಡ ಹತ್ತಿದವರು ನೋಡಿರುತ್ತೀರಿ. ಚುನಾವಣೆ ಬಂದರೆ ಅದೇ ಪದ "ಇಂಥ ಪಕ್ಷದ ಬಾಲೇಕಿಲ್ಲಾ" ಆಗುತ್ತದೆ. ಕೋಟೆ ಹೋಗಿ ಅಧಿಕಾರ ಉಳಿಯಿತು. ನಮ್ಮ ಮುಂಬೈಯಲ್ಲಿ ಗೋಡೆಯೂ ಇಲ್ಲ, 1860ರ ದಶಕದಲ್ಲೇ ಕೆಡವಿದರು, ಆದರೂ ದಿನಾ ಬೆಳಿಗ್ಗೆ ಲಕ್ಷಾಂತರ ಜನ ಲೋಕಲ್ ಹತ್ತಿ "ಫೋರ್ಟ್"ಗೆ ಹೋಗುತ್ತಾರೆ 😄

ಇನ್ನೊಂದು, ರಷ್ಯನ್ನರು ಹೇಳುವುದು ಬರೀ "ಕ್ರೆಮ್ಲ್". ಕೊನೆಯ "ಇನ್" ಪಶ್ಚಿಮ ಯುರೋಪಿನ ಭಾಷೆಗಳಲ್ಲಿ ಅಂಟಿಕೊಂಡಿದ್ದು.

ಕೋಥ್ರೂಡ್ ಕಾವೇರಿ:
ಎಲ್ಲರಿಗೂ ಥ್ಯಾಂಕ್ಸ್. ಹುಡುಗನಿಗೆ ಇದನ್ನೆಲ್ಲ ತೋರಿಸಿದೆ, ಈಗ ಅವನದೇ ಪ್ರಶ್ನೆ. ರಜೆಗೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುತ್ತಾನಂತೆ, ಅಲ್ಲಿನ ಕ್ರೆಮ್ಲಿನ್ ಎಲ್ಲಿದೆ?

ಚಿಂಚ್‌ವಡ್ ರಾಯರು:
ಅಲ್ಲಿ ಇಲ್ಲ. ಆ ಊರು ಹುಟ್ಟಿದ್ದೇ 1703ರಲ್ಲಿ. ನೇವಾ ನದಿಯ ದ್ವೀಪದಲ್ಲಿ ಪೀಟರ್ ಮತ್ತು ಪಾಲ್ ಕೋಟೆ ಇದೆ, ಆದರೆ ಅದನ್ನು "ಕ್ರೆಪೊಸ್ತ್" ಅನ್ನುತ್ತಾರೆ, ಅಂದರೆ ಬರೀ ಕೋಟೆ. ಹೋದರೆ ಮಧ್ಯಾಹ್ನ 12ಕ್ಕೆ ಅಲ್ಲಿರಲು ಹೇಳಿ, ತೋಪು ಹಾರಿಸುತ್ತಾರೆ.